ದುರುಗಕ್ಕನ ಮನೆಯ ನಾಲ್ಕು ತಟ್ಟೆ ನೀರು

ಸೊಳ್ಳೆ ನಿರ್ಮೂಲನಾ ಅಭಿಯಾನದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಸೊಳ್ಳೆಗಳ ಮೇಲೆ ಸಂಶೋಧನೆ ನಡೆಸುವ ಕಟ್ಟಡದೊಳಗೆ ಸೊಳ್ಳೆಗಳು ಪತ್ತೆಯಾಗಿವೆ ಎಂದು ತಾವು ನನಗೆ ನೋಟಿಸ್ ಕಳಿಸಿದ್ದೀರಿ. ಏಳು ದಿನದೊಳಗೆ ವಿವರಣೆ ಕೊಡಬೇಕಂತೆ. ಇಪ್ಪತ್ತಾರು ವರ್ಷದಿಂದ ಅದನ್ನೇ ವಿವರಿಸುತ್ತಿದ್ದೇನೆ ಸ್ವಾಮಿ, ಇನ್ನೊಮ್ಮೆ ವಿವರಿಸಲು ಬೇಸರವಿಲ್ಲ, ಸುಸ್ತಾಗಿದೆ ಅಷ್ಟೆ. ನೋಟಿಸ್ ಬರುವ ಮೂರು ದಿನ ಮೊದಲೇ ತಮ್ಮ ಸಿಬ್ಬಂದಿ ಬಂದು, ಮಾರಿಕಣಿವೆ ರಸ್ತೆಯ ನಮ್ಮ ಸೊಳ್ಳೆಕೋಣೆಗೆ ಹೊಗೆ ಹಾಕಿ, ಮರಿಹುಳುಗಳ ತಟ್ಟೆಗಳನ್ನೆಲ್ಲ ಚರಂಡಿಗೆ ಚೆಲ್ಲಿ, ಬಾಗಿಲಿಗೆ ಬೀಗ ಜಡಿದು ಹೋಗಿದ್ದರು. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ಇಷ್ಟು ಚುರುಕಾದ ಆಡಳಿತವನ್ನು ನನ್ನ ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಸತ್ತದ್ದು ಯಾವ ಸೊಳ್ಳೆ ಎಂದು ಕೇಳುವ ವ್ಯವಧಾನ ತಮಗಿದೆಯೇ? ಹತ್ತೊಂಬತ್ತು ವರ್ಷದ ಹಿಂದೆ, ತಾಳ್ಯದ ರೈತ ಸಣ್ಣತಿಮ್ಮಪ್ಪನವರ ದನದ ಕೊಟ್ಟಿಗೆಯಲ್ಲಿ, ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ, ಗೋಡೆಗೆ ಕೂತ ಸೊಳ್ಳೆಗಳನ್ನು ಟಾರ್ಚ್ ಹಿಡಿದು ಹುಡುಕಿ, ಕೊಳವೆಯಿಂದ ಉಸಿರೆಳೆದು ಹಿಡಿದು ತಂದೆ. “ಏನವ್ವ, ನಮ್ ಸೊಳ್ಳೆ ತಗಂಡೋಗಿ ಸಾಕ್ತೀರಂತೆ? ಒಂದೂ ಬಿಡಬ್ಯಾಡ್ರಿ, ಎಲ್ಲಾ ತಗಂಡೋಗ್ರಿ” ಎಂದು ಅವರು ನಕ್ಕಿದ್ದರು. ಆ ಸೊಳ್ಳೆಗಳ ಸಂತತಿಗೆ ಒಂದು ಗುಣವಿತ್ತು. ಮಲೇರಿಯಾದ ರೋಗಾಣು ಹೊಟ್ಟೆಗೆ ಸೇರಿದರೆ ಅದರ ಸುತ್ತ ಕಪ್ಪು ಪೊರೆ ಕಟ್ಟಿ ಕೊಂದುಬಿಡುತ್ತಿದ್ದವು. ಅದು ಹೇಗೆ ಎಂದು ತಿಳಿಯುವುದರಲ್ಲೇ ನನ್ನ ವಯಸ್ಸು ಕಳೆಯಿತು. ಅರ್ಧ ಉತ್ತರ ಸಿಕ್ಕಿದೆ, ಉಳಿದರ್ಧ ಆ ಸಂತತಿಯ ಒಳಗೇ ಇದೆ. ತಾಲ್ಲೂಕಿನಲ್ಲಿ ಈಗ ಮಲೇರಿಯಾ ಇಲ್ಲವಲ್ಲ, ಇದೆಲ್ಲ ಯಾಕೆ ಎಂದು ತಮ್ಮ ನೋಟಿಸ್ ಕೇಳುತ್ತದೆ. ಮಳೆ ನಿಂತಿತೆಂದು ತಾವು ಮನೆಯ ಹೆಂಚು ಇಳಿಸುತ್ತೀರಾ?

ಹೊಗೆ ಹಾಕಿದ ತಂಡದ ಮೇಸ್ತ್ರಿ ಮಾರುತೇಶ್. ಹೊಳಲ್ಕೆರೆಯ ತರಬೇತಿಯಲ್ಲಿ ನನ್ನ ಕೈಯಲ್ಲೇ ಕಲಿತವನು. ಫೋನ್ ಮಾಡಿ ಯಾಕಪ್ಪ ಹೀಗೆ ಮಾಡಿದೆ ಎಂದೆ. “ಮೇಡಂ, ಬೋರ್ಡ್ ನೋಡಿದ್ವಿ. ಆದ್ರೆ ಮರಿಹುಳ ಕಂಡ್ರೆ ಯಾರ ಮಾತೂ ಕೇಳ್ದೆ ನೀರು ಚೆಲ್ರಿ ಅಂತ ನೀವೇ ಹೇಳಿದ್ರಲ್ರಿ. ಹತ್ತು ಸಲ ನಮ್ ಬಾಯಲ್ಲೂ ಹೇಳ್ಸಿದ್ರಿ” ಎಂದ. ನಿಜ. ಆ ತರಬೇತಿಯ ಕೈಪಿಡಿ ಬರೆದವಳೂ ನಾನೇ. ನಮ್ಮ ಕೋಣೆಯೊಂದನ್ನು ಬಿಟ್ಟು ಎಂದು ಒಂದು ಸಾಲು ಸೇರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆದೇಶಕ್ಕೆ ಸಹಿ ಹಾಕಿದ ತಮಗೆ ಅದು ಎಂಥ ಕಟ್ಟಡ ಎಂದು ಗೊತ್ತಿರಲಿಲ್ಲವೇ? ಹೋದ ವರ್ಷ ಅದೇ ಕೋಣೆಯ ಪಂಜರಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡವರು ಯಾರು?

ಒಂದು ಅಪರಾಧವನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಸಂತತಿ ಪೂರ್ತಿ ಅಳಿದಿಲ್ಲ. ಮೊದಲ ದಿನದಿಂದಲೂ ಅವಕ್ಕೆ ಸಕ್ಕರೆ ನೀರಿನ ಹತ್ತಿ ಇಟ್ಟು ಸಾಕಿದ ನಮ್ಮ ಸಹಾಯಕಿ ದುರುಗಕ್ಕ, ಹೊಗೆಯ ನಡುವೆ ಕೆಮ್ಮುತ್ತಲೇ ಒಂದಿಷ್ಟನ್ನು ಉಳಿಸಿದ್ದಾಳೆ. “ಒದ್ದೆ ಕಾಗದದ ಮ್ಯಾಲೆ ಮೊಟ್ಟೆ ಇದ್ವು ಕಣವ್ವ. ಟಿಫಿನ್ ಡಬ್ಬೀಲಿಟ್ಕಂಡು ಬಂದ್ಬಿಟ್ಟೆ” ಎಂದಳು. ನಾನು ಅತ್ತುಬಿಟ್ಟೆ. ಈಗ ಹಿರಿಯೂರಿನ ಅವಳ ಅಡುಗೆಮನೆಯಲ್ಲಿ, ಬಲೆ ಹೊದಿಸಿದ ನಾಲ್ಕು ತಟ್ಟೆ ನೀರಿನಲ್ಲಿ ಮರಿಹುಳುಗಳಿವೆ. ಅವುಗಳಲ್ಲಿ ರೋಗವಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಉಳಿದದ್ದು ಇಷ್ಟೇ.

ಬರುವ ಶುಕ್ರವಾರ ತಮ್ಮ ಅಭಿಯಾನ ಅವಳ ಬೀದಿಗೆ ಬರುತ್ತದೆ. ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಗುರುವಾರದೊಳಗೆ ನಮ್ಮ ಕೋಣೆಯ ಬೀಗ ತೆಗೆಸಿ. ಆಗದಿದ್ದರೆ ಆ ಒಂದು ಮನೆಯ ನೀರು ಚೆಲ್ಲಬಾರದೆಂದು ತಮ್ಮ ಸಹಿಯಿರುವ ಒಂದು ಸಾಲನ್ನು ಮಾರುತೇಶನ ಕೈಗೆ ಕೊಡಿ. ನಾನು ಬಾಗಿಲಲ್ಲಿ ಅಡ್ಡ ನಿಂತು ಬೇಡಿದರೂ ಅವನು ಕೇಳುವುದಿಲ್ಲ. ಯಾರು ಬೇಡಿದರೂ ಕೇಳಬಾರದೆಂದು ಕಲಿಸಿದವಳು ನಾನು.

ಇಂತಿ,
ಸೊಳ್ಳೆ ಸಾಕಿದ ಆರೋಪವನ್ನು ಪೂರ್ತಿ ಒಪ್ಪಿಕೊಂಡಿರುವ,
ಅನುಪಮಾ
ಹಿರಿಯೂರು