ಫ್ಲೆಕ್ಸಿನ ಬೆನ್ನ ಮೇಲಿನ ಪಾಠ

ಬುಧವಾರ, ಮಧ್ಯಾಹ್ನ

ಮುದ್ದು ಮಗಳೇ,

ಸೋಮವಾರ ಸಂಜೆಯಿಂದ ನಿನ್ನ ಫೋನು ಬಂದ್ ಆಗಿದೆ. ಹನ್ನೊಂದು ಸಲ ಮಾಡಿದೆ. ಹನ್ನೆರಡನೆಯ ಸಲಕ್ಕೆ ನಿಮ್ಮಪ್ಪ ಫೋನು ಕಿತ್ತುಕೊಂಡು, "ಅವಳು ಆಫ್ ಮಾಡಿರೋದೇ ನಿನ್ನ ಕಾಟಕ್ಕೆ. ಒತ್ತಿ ಒತ್ತಿ ಬಟನ್ ಸವೆಸ್ತೀಯಾ ಅಷ್ಟೇ" ಎಂದರು. ಅದಕ್ಕೇ ಈ ಕಾಗದ, ನಾಳೆ ಬೆಳಗಿನ ಬಸ್ಸಿನವರ ಕೈಗೆ ಕೊಡುತ್ತೇನೆ. ಮೂರು ಸಲ ಶಾಲೆ ಬಿಟ್ಟು, ಮೂರು ಸಲ ಸೇರಿ, ಕೊನೆಗೆ ನಾಲ್ಕನೆಯ ತರಗತಿಯಲ್ಲೇ ನಿಂತವಳು ನಾನು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗೀಚಬೇಡ, ಹಾಗೇ ಓದಿಕೋ.

ಊಟ ಮಾಡುತ್ತಿದ್ದೀಯಾ? ಗಂಟಲು ಹೇಗಿದೆ? ಬಿಸಿನೀರು ಕುಡಿ. ನಿನ್ನ ಬಾಡಿಗೆ ಕೋಣೆಯ ಚಿಲಕ ಸಡಿಲವಾಗಿತ್ತು, ಸರಿ ಮಾಡಿಸಿದೆಯೋ ಇಲ್ಲವೋ ಎಂದು ಒಂದು ಚಿಂತೆ. ಚಿಂತೆ ಮಾಡಬೇಡ ಎನ್ನುತ್ತೀಯ. ಮಾಡದೇ ಇದ್ದರೆ ಏನಾಗುತ್ತದೋ ಎಂದು ಮತ್ತೊಂದು ಚಿಂತೆ.

ಸೋಮವಾರ ಸಂಜೆ ತರಗತಿಯಲ್ಲಿ ನಡೆದದ್ದನ್ನೆಲ್ಲ ಹೇಳಿ ನೀನು ಕೂಗಿದ್ದು ಇನ್ನೂ ಕಿವಿಯಲ್ಲಿದೆ. "ನಿನ್ನ ಸಹಾಯ ಸಾಕಮ್ಮಾ! ಮಾನ ಮೂರು ಕಾಸಿಗೆ ಹೋಯ್ತು. ಶನಿವಾರ ರಾಜೀನಾಮೆ ಬರೆದು ಹೆಡ್ಮಾಸ್ಟರ ಮೇಜಿನ ಮೇಲಿಟ್ಟು ಬರ್ತೀನಿ" ಎಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು.

ನಿನ್ನ ಸಿಟ್ಟು ನ್ಯಾಯವೇ. ಆದರೆ ನಾನು ಯಾಕೆ ಈ ಕೆಲಸಕ್ಕೆ ಕೈ ಹಾಕಿದೆ ಎನ್ನುವುದನ್ನು ಮರೆಯಬೇಡ. ಶಾಲೆ ಶುರುವಾದ ವಾರ ಬಂದಿದ್ದೆನಲ್ಲ, ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಅರವತ್ತೆಂಟು ಮಕ್ಕಳಿಗೆ ಮೂರೇ ಇಂಗ್ಲಿಷ್ ಪುಸ್ತಕ. ಒಂದೇ ಕೋಣೆಯಲ್ಲಿ ಎರಡು ತರಗತಿ. ಈ ಕಡೆ ನೀನು ಇಂಗ್ಲಿಷ್ ಹೇಳಿಕೊಟ್ಟರೆ ಆ ಕಡೆ ಲೆಕ್ಕದ ಮೇಷ್ಟ್ರು ಮಗ್ಗಿ ಕೂಗಿಸುತ್ತಿದ್ದರು. ಕಪ್ಪು ಹಲಗೆಯ ಅರ್ಧ ಅವರದು, ನಿನ್ನ ಪಾಲಿನ ಅರ್ಧ ಚಕ್ಕೆ ಎದ್ದು ಸೀಮೆಸುಣ್ಣವನ್ನೇ ಹಿಡಿಯುವುದಿಲ್ಲ. ಹಿಂದಿನ ಸಾಲಿನವರಿಗೆ ಕೇಳಲಿ ಎಂದು ನೀನು ಕಿರುಚಿ ಕಿರುಚಿ ಮಧ್ಯಾಹ್ನದ ಹೊತ್ತಿಗೆ ಸನ್ನೆಯಲ್ಲಿ ಮಾತಾಡುತ್ತಿದ್ದೆ. ಆ ದಿನ ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನ ಕೈಲಿ ಏನು ಮಾಡಲಾದೀತು ಎಂದು ಲೆಕ್ಕ ಹಾಕುತ್ತಲೇ ಬಂದೆ.

ನನಗೆ ಗೊತ್ತಿದ್ದ ಕೆಲಸ ಒಂದೇ. ನಿಮ್ಮಪ್ಪ ಅಂಗಡಿ ಬೋರ್ಡುಗಳಿಗೆ ಗೆರೆ ಹಾಕುತ್ತಿದ್ದರು, ನಾನು ಬಣ್ಣ ತುಂಬುತ್ತಿದ್ದೆ. ಫ್ಲೆಕ್ಸ್ ಬಂತು, ನಮ್ಮ ಕಸುಬು ಮಲಗಿತು. ಈಗ ಅದೇ ಹಳೇ ಫ್ಲೆಕ್ಸುಗಳ ಬೆನ್ನ ಮೇಲೆ ನಾನು ಪಾಠ ಬರೆಯುವುದನ್ನು ಕಂಡರೆ ಅವರಿಗೆ ಒಳಗೊಳಗೇ ಖುಷಿ. ಮುಂದೆ ಹಲ್ಲು ಬಿಟ್ಟು ನಗುವ ಯಾರದೋ ಮುಖ, ಹಿಂದೆ ನಿನ್ನ ಪಾಠ. ಕೈ ನಡುಗುವುದರಿಂದ ಕುಂಚ ಹಿಡಿಯಲಾರರು, ಬಾಯಿ ಮಾತ್ರ ಚೆನ್ನಾಗಿದೆ. "ಏನೇ ಇದು ಸಾಲು, ಕುಡಿದವನು ಮನೆಗೆ ಹೊರಟ ಹಾಗಿದೆ" ಎನ್ನುತ್ತ ಪಕ್ಕದಲ್ಲೇ ಕೂತಿರುತ್ತಾರೆ. ಇಂಗ್ಲಿಷ್ ಅಕ್ಷರ ನನ್ನ ಪಾಲಿಗೆ ಚಿತ್ರವಿದ್ದ ಹಾಗೆ. ಹೊಟ್ಟೆ ಎಷ್ಟು ದಪ್ಪ, ಬಾಲ ಯಾವ ಕಡೆ, ಅಷ್ಟು ನೋಡಿ ಇಳಿಸುತ್ತೇನೆ. ನೀನು ಪುಸ್ತಕ ಕಳಿಸುತ್ತಿದ್ದೆ, ನಾನು ಬರೆದು ಒಣಗಿಸಿ ಸುರುಳಿ ಸುತ್ತಿ ಪುಸ್ತಕದ ಜೊತೆಗೇ ಬೆಳಗಿನ ಬಸ್ಸಿನವರ ಕೈಗೆ ಕೊಡುತ್ತಿದ್ದೆ. ಏಳು ಪಾಠ ಹೀಗೆ ಹೋದವು. "ಕೊನೇ ಬೆಂಚಿಗೂ ಕಾಣುತ್ತಮ್ಮಾ" ಎಂದು ನೀನು ಹೇಳಿದ ದಿನ ನನಗೆ ಊಟವೇ ಬೇಡವಾಗಿತ್ತು.

ಎಂಟನೆಯದರಲ್ಲಿ ಎಡವಟ್ಟಾಯಿತು. ಪಾಠದ ಕೆಳಗೆ ನೀನು ಪೆನ್ಸಿಲಿನಲ್ಲಿ ಎರಡು ಸಾಲು ಬರೆದುಕೊಂಡಿದ್ದೆ. ರೂಢಿಯಾಗಲಿ ಎಂದು ಮನಸ್ಸಿನ ಮಾತನ್ನೂ ಇಂಗ್ಲಿಷಿನಲ್ಲೇ ಬರೆಯುತ್ತೀಯಲ್ಲ, ಅಂಥದ್ದು. ನಾನು ಅದನ್ನೂ ಪಾಠದೊಳಗೆ ಸೇರಿಸಿ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದುಬಿಟ್ಟೆ. ಇಂಗ್ಲಿಷ್ ಓದಲು ಬಾರದವಳ ಕೈಗೆ ಕುಂಚ ಕೊಟ್ಟರೆ ಇನ್ನೇನಾಗುತ್ತದೆ ಹೇಳು.

ಹಾಳಾದ ಬಸ್ಸು ಅವತ್ತೇ ತಡವಾಗಬೇಕೇ! ಸುರುಳಿ ನಿನ್ನ ಕೈಗೆ ಬರುವಾಗ ತಪಾಸಣೆಯ ಮೇಡಂ ಆಗಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಹೆಡ್ಮಾಸ್ಟರು. ಬಿಚ್ಚಿ ನೋಡಲು ನಿನಗೆ ಪುರುಸೊತ್ತೆಲ್ಲಿ? ಮೊಳೆಗೆ ಸಿಕ್ಕಿಸಿದೆ, ಮಕ್ಕಳು ಓದುತ್ತ ಹೋದ ಹಾಗೆ ಸುರುಳಿ ಇಳಿಸುತ್ತ ಹೋದೆ. ಅಷ್ಟು ಗಟ್ಟಿಯಾಗಿ ಅವರು ಎಂದೂ ಓದಿರಲಿಲ್ಲವಂತೆ, ಮಗ್ಗಿ ಹೇಳುವವರೂ ಸುಮ್ಮನಾಗಿ ಕೇಳಿದರಂತೆ. ಕೊನೆಯ ಸಾಲನ್ನು ಮೂರು ಸಲ ಹೇಳಿಸುವುದು ನಿನ್ನ ಪದ್ಧತಿ. ನೀನು ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ನಾನು ದಣಿದು ಹೋಗಿದ್ದೇನೆ, ಇವರಿಗೆ ಹೇಗೆ ಕಲಿಸಬೇಕೋ ನನಗೆ ಗೊತ್ತಿಲ್ಲ ಎಂದು ಅರವತ್ತೆಂಟು ಬಾಯಿ ಒಟ್ಟಿಗೆ, ಮೂರು ಸಲ, ಇಂಗ್ಲಿಷಿನಲ್ಲಿ ಕೂಗಿದವು. "ಪರವಾಗಿಲ್ಲ ಟೀಚರ್, ಇದೊಂದನ್ನಾದರೂ ಚೆನ್ನಾಗಿ ಕಲಿಸಿದ್ದೀರಾ" ಎಂದು ಹೆಡ್ಮಾಸ್ಟರು ಹೇಳಿದ್ದಕ್ಕಿಂತ, ಮೇಡಂ ನಗದೆ ತಮ್ಮ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಎದ್ದು ಹೋದದ್ದೇ ನಿನ್ನನ್ನು ತಿಂದದ್ದು, ಅಲ್ಲವೇ?

ಅವರು ಏನು ಬರೆದುಕೊಂಡರು ಎಂದು ನನಗೆ ಗೊತ್ತು. ನನ್ನ ನಂಬರು. ಬೋರ್ಡಿನ ಮೂಲೆಯಲ್ಲಿ ಬರೆದವರ ಫೋನ್ ನಂಬರ್ ಸಣ್ಣದಾಗಿ ಹಾಕುವುದು ನಮ್ಮ ಕಸುಬಿನಲ್ಲಿ ನಡೆದು ಬಂದದ್ದು, ಕೈ ತಾನಾಗಿ ಹಾಕಿಬಿಡುತ್ತದೆ.

ನಿನ್ನೆ ಹತ್ತು ಗಂಟೆಗೆ ಫೋನು ಮಾಡಿದರು. "ಈ ಪಾಠ ಬರೆದವರು ನೀವೇನಾ?" ಎಂದರು. "ತಪ್ಪೆಲ್ಲ ನಂದೇ ಮೇಡಂ, ನನ್ನ ಮಗಳದ್ದು ಏನೂ ಇಲ್ಲ, ಅವಳ ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ಒಂದೇ ಉಸಿರಿಗೆ ಹೇಳಿದೆ. ಅದಕ್ಕೆ ಅವರು, "ಅಮ್ಮಾ, ನನ್ನ ಪಾಲಿಗೆ ಇಪ್ಪತ್ತೆರಡು ಶಾಲೆ. ಹೋದಲ್ಲೆಲ್ಲ 'ಎಲ್ಲಾ ಚೆನ್ನಾಗಿದೆ ಮೇಡಂ' ಅಂತಾರೆ. ನಾನೂ ಚೆನ್ನಾಗಿದೆ ಅಂತ ಬರೆದು ಮುಂದಿನ ಬಸ್ಸು ಹತ್ತೀನಿ. ಯಾರಿಗೆ ಏನು ಕಷ್ಟ ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದರು. ಅವರ ದನಿಯೂ ನಿನ್ನದರ ಹಾಗೇ ಬಿದ್ದು ಹೋಗಿತ್ತು. ಕೆಮ್ಮಿ ಕೆಮ್ಮಿ ಮಾತಾಡಿದರು.

ಶನಿವಾರ ಬೆಳಿಗ್ಗೆ ಬರುತ್ತಾರಂತೆ. ತಪಾಸಣೆಗಲ್ಲ. ಮಕ್ಕಳನ್ನು ಎರಡು ಗುಂಪು ಮಾಡಿ, ಒಂದನ್ನು ಅವರು ಹೊರಗೆ ನೆರಳಿನಲ್ಲಿ ಕೂರಿಸಿಕೊಳ್ಳುತ್ತಾರಂತೆ, ಒಂದು ಒಳಗೆ ನಿನ್ನ ಜೊತೆ. ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂತು ಮುಂದಿನ ವಾರದ ಪಾಠಕ್ಕೆ ಏನು ಮಾಡುವುದು ಎಂದು ನೋಡುವುದಂತೆ. ತಿಂಗಳಿಗೆ ಎರಡು ಶನಿವಾರ ಹೀಗೆ. "ಪುಸ್ತಕ ತರಿಸೋದು ನನ್ನ ಕೈಲಿಲ್ಲ, ನಿಮ್ಮ ಮಗಳ ಪಕ್ಕ ನಿಲ್ಲೋದು ನನ್ನ ಕೈಲಿದೆ" ಎಂದರು. ನಿನಗೆ ಹೇಳೋಣವೆಂದರೆ ಅವರಿಗೂ ನಿನ್ನ ಫೋನು ಸಿಗಲಿಲ್ಲವಂತೆ.

ಇಷ್ಟು ಕೇಳಿದ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವರು ಬರದೇ ಹೋದರೆ? ಒಂದು ಶನಿವಾರ ಬಂದು ಆಮೇಲೆ ಮರೆತರೆ? ಇಪ್ಪತ್ತೆರಡು ಶಾಲೆ ಸುತ್ತುವ ಹೆಂಗಸು, ಅವರಿಗೂ ಮನೆ ಮಠ ಇರುತ್ತದೆ. ಬಿಟ್ಟು ಬಾ ಎನ್ನಲು ನಾಲಗೆ ಏಳುವುದಿಲ್ಲ, ಅಲ್ಲೇ ಇದ್ದು ಸಾಯಿ ಎನ್ನಲಾರೆ, ನಾನು ತಾಯಿ. ರಾಜೀನಾಮೆ ಬರೆದಿದ್ದರೆ ಚೀಲದಲ್ಲಿ ಇಟ್ಟುಕೊಂಡೇ ಹೋಗು. ಬೆಳಿಗ್ಗೆ ಕೊಡಬೇಡ. ಕೊಡಲೇಬೇಕು ಅನಿಸಿದರೆ ಸಂಜೆ ಕೊಡು. ಇಷ್ಟೇ ನಾನು ಬೇಡುವುದು.

ಉಗುರಿನ ಸಂದಿಯ ಬಣ್ಣವನ್ನು ಇನ್ನೂ ತೊಳೆಯದ ನಿನ್ನ
ಅಮ್ಮ

ಮತ್ತೆ: ಲಕೋಟೆ ಅಂಟಿಸಿದವಳು ಹರಿದು ತೆಗೆದೆ. ಹೇಳದೇ ಕಳಿಸಿದರೆ ನನಗೆ ನಿದ್ದೆ ಹತ್ತುವುದಿಲ್ಲ. ಮೂವತ್ತು ವರ್ಷ ಅಕ್ಷರ ತುಂಬಿದವಳಿಗೆ ಅಚ್ಚು ಯಾವುದು, ಮಗಳ ಪೆನ್ಸಿಲು ಯಾವುದು ಎಂದು ತಿಳಿಯುವುದಿಲ್ಲವೇ? ಆ ಎರಡು ಸಾಲನ್ನು ಔಷಧಿ ಅಂಗಡಿಯವರಿಂದ ಓದಿಸಿ ಅರ್ಥ ಕೇಳಿಕೊಂಡು ಬಂದಿದ್ದೆ. ಬಂದವಳೇ ನಿನಗೆ ಫೋನು ಮಾಡಿದೆ. ನೀನು "ಚೆನ್ನಾಗಿದ್ದೀನಮ್ಮಾ, ಎಲ್ಲಾ ಸರಿಯಾಗಿದೆ" ಎಂದೆ. ಸೋಮವಾರ ಮೇಡಂ ಬರುತ್ತಾರೆ ಎಂದು ಹೇಳಿದವಳೂ ನೀನೇ. ಫೋನು ಇಟ್ಟು ಕುಂಚ ತೊಳೆದು ಬರೆಯಲು ಕೂತೆ. ಗೋಡೆಯ ಮೇಲಿದ್ದದ್ದನ್ನು ಮೇಡಂ ಸುಮ್ಮನೆ ಕಣ್ಣಿನಲ್ಲಿ ಓದಿಕೊಳ್ಳುತ್ತಾರೆ ಅಂದುಕೊಂಡಿದ್ದೆ, ಮಕ್ಕಳು ಕೂಗುತ್ತಾರೆ ಎಂದು ನಿನ್ನಾಣೆಗೂ ಹೊಳೆಯಲಿಲ್ಲ. ಅಷ್ಟಕ್ಕೆ ಕ್ಷಮಿಸು. ಬರೆದದ್ದಕ್ಕೆ ಕ್ಷಮೆ ಕೇಳಲಾರೆ.