ಮೀನಿನ ತಟ್ಟೆ ಹಿಡಿದು ಕೊಟ್ಟ ತೀರ್ಪು

ಮಾರ್ಚ್ ೮, ಶುಕ್ರವಾರ

ಜಪಮಾಲೆ ಹಿಡಿದರೂ ಕೋಪ ಇಳಿಯಲೊಲ್ಲದು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ, ಮಾಂಸ ಬಿಡುವ ಶುಕ್ರವಾರವಾದ್ದರಿಂದ ಇಗರ್ಜಿಯ ನೆಲಮಾಳಿಗೆಯಲ್ಲಿ ಹುರಿದ ಮೀನಿನ ಊಟವಿತ್ತು. ಮತ ಕೇಳುವವರೆಲ್ಲ ಅಲ್ಲಿಗೇ ಬರುವುದು ನಮ್ಮ ಓಹಾಯೋ ಊರಿನ ವಾಡಿಕೆ. ಕೌಂಟಿಯ ನ್ಯಾಯಾಧೀಶ ಸ್ಥಾನದ ಚುನಾವಣೆಯಲ್ಲಿ ನನ್ನೆದುರು ನಿಂತಿರುವ ಕೆಸ್ಲರ್, ತಟ್ಟೆ ಹಿಡಿದು ಸಾಲಿನಲ್ಲಿ ನಿಂತೇ ಗರ್ಜಿಸಿದ: "ಕುಡಿದು ಗಾಡಿ ಓಡ್ಸಿ ಆ ಮುದುಕನ್ನ ಕೊಂದ್ನಲ್ಲ, ಆ ಹುಡುಗ! ನನ್ನನ್ನ ಗೆಲ್ಸಿ, ಅವನು ಮುದುಕ ಆಗೋವರ್ಗೂ ಒಳಗೆ ಹಾಕ್ತೀನಿ!"

ವಿಚಾರಣೆಯೇ ಆರಂಭವಾಗಿಲ್ಲ. ಅಭ್ಯರ್ಥಿಯು ಇಂಥ ವಾಗ್ದಾನ ಮಾಡಕೂಡದೆಂಬ ನಿಯಮಕ್ಕೆ ನಾನೂ ಅವನೂ ಸಮಾನವಾಗಿ ಬದ್ಧರು. ಧರ್ಮಾಸನವನ್ನೇ ಹರಾಜಿಗಿಟ್ಟ ನಾಲಗೆ! ಆ ಕ್ಷಣ ಅವನ ತಟ್ಟೆಗೆ ಮೀನು ಬಡಿಸುತ್ತಿದ್ದವಳು ಆ ಹುಡುಗನ ತಾಯಿ ವಾಂಡಾ. ಅದು ಅವನಿಗೆ ತಿಳಿದಿರಲಿಲ್ಲ. ಊರಿಗೆಲ್ಲ ತಿಳಿದಿತ್ತು, ಆದರೂ ಚಪ್ಪಾಳೆ ತಟ್ಟಿದರು.

"ಏನ್ ವಕೀಲ್ರೇ, ಬಾಯಿಗೆ ಬೀಗ ಬಿತ್ತಾ?" ಎಂದು ಪಕ್ಕದ ಮನೆಯ ಸ್ಟ್ಯಾನ್ ಕೆಣಕಿದ.

"ಅವನು ಆಡಬಾರದ್ದು ಆಡಿದ ಅಂತ ನಾನೂ ಆಡ್ಲಾ?" ಎಂದೆ.

ಹೊರಡುವಾಗ ವಾಂಡಾ ಮೆಟ್ಟಿಲ ಬಳಿ ತಡೆದಳು. "ನೀವಾದ್ರೂ ನನ್ನ ಮಗನ್ನ ಬಿಡ್ತೀರಾ, ಸಾರ್?"

"ಅದನ್ನೂ ಹೇಳೋ ಹಾಗಿಲ್ಲಮ್ಮ. ಎರಡೂ ಕಡೆಯವರ ಮಾತು ಪೂರ್ತಿ ಕೇಳ್ತೀನಿ, ಅಷ್ಟೆ."

"ಅಷ್ಟಕ್ಕೆ ಯಾರ್ ವೋಟ್ ಹಾಕ್ತಾರೆ?" ಎಂದು ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು.

ದೇವರೇ, ನನ್ನ ಸೋಲು ನನ್ನದಾಗಿರಲಿ. ಆದರೆ ನಾನು ಸೋತರೆ ಆ ಹುಡುಗ ನಿಲ್ಲಬೇಕಾದದ್ದು ಕೆಸ್ಲರನ ಮುಂದೆಯೇ. ಅವನು ಆ ತಾಯಿಯ ಕೈಯಿಂದ ಮೀನು ಹಾಕಿಸಿಕೊಳ್ಳುತ್ತ ಆಡಿದ ಮಾತನ್ನು ಅಲ್ಲಿ ಮತ್ತೊಮ್ಮೆ ಓದುವುದಷ್ಟೇ ಉಳಿದಿರುವಾಗ, ವಿಚಾರಣೆ ಎಂಬುದು ಇನ್ನು ಯಾತಕ್ಕೆ?