ನೀಲಿ ಡ್ರಮ್ಮಿನ ಮಜ್ಜಿಗೆ

ಸೀತೂರು
ದಿನಾಂಕ: 8-7-2025, ಮಂಗಳವಾರ

ಚಿರಂಜೀವಿ ಮಾಲತಿಗೆ ತಾಯಿ ಭೈರಮ್ಮನ ಆಶೀರ್ವಾದ. ಈ ಕೆಳಗಿನ ವಿವರಗಳನ್ನು ಮೊದಲು ಓದಿಕೊಳ್ಳತಕ್ಕದ್ದು.

1. ಬರೆಯುವವರು: ಭೈರಮ್ಮ, ಸೀತೂರು ವಾಸಿ, ವಯಸ್ಸು ಅರವತ್ತೆರಡು, ಕೂಲಿ ಕೆಲಸ.
2. ಬರೆಸಿಕೊಳ್ಳುವವರು: ಸದರಿಯವರ ಮಗಳು ಮಾಲತಿ, ಹರಿಹರಪುರದ ಹತ್ತಿರ ಜಲಜಮ್ಮನವರ ಮನೆಯಲ್ಲಿ ಅಡುಗೆ ಕೆಲಸ.
3. ವಿಷಯ: ಕಳೆದ ಗುರುವಾರ ಸದರಿ ಮನೆಯ ತೋಟಕ್ಕೆ ಔಷಧಿ ಹೊಡೆಯಲು ಬಂದವರು ಮಜ್ಜಿಗೆ ಕುಡಿದು, ವಾಂತಿಯಾಗಿ ಆಸ್ಪತ್ರೆ ಸೇರಿದ್ದು.
4. ಕೋರಿಕೆ: ಬರುವ ಶುಕ್ರವಾರ ಆಹಾರ ಸುರಕ್ಷತಾ ಅಧಿಕಾರಿಗಳು ವಿಚಾರಣೆಗೆ ಬಂದಾಗ, ಮಜ್ಜಿಗೆ ಯಾವುದರಲ್ಲಿತ್ತು ಎಂಬುದನ್ನು ನೀನು ಇದ್ದದ್ದು ಇದ್ದ ಹಾಗೆ ಹೇಳುವುದು.

ಮಗಳಿಗೂ ಅರ್ಜಿ ಬರೆಯುತ್ತಾಳೆ ಎಂದು ನೀನು ಬೇಸರಿಸಬಹುದು. ನರಸಿಂಹರಾಜಪುರದ ತಾಲ್ಲೂಕು ಕಚೇರಿಯೆದುರು ಅರ್ಜಿ ಬರೆಯುತ್ತಿದ್ದವರ ಪಕ್ಕದಲ್ಲಿ ಕುಳಿತು, ಅವರು ಬರೆದದ್ದನ್ನು ಅಕ್ಷರ ಬಿಡದೆ ನಕಲು ಮಾಡಿ ನಾನು ಕಲಿತ ವಿದ್ಯೆ ಇದೊಂದೇ. ನಮ್ಮ ಕೇರಿಗೆ ನಲ್ಲಿ ನೀರು ಬಂದದ್ದು ಈ ಬರಹದಿಂದ. ಬೇರೆ ರೀತಿ ಬರೆಯಲು ಹೊರಟರೆ ಈ ಪತ್ರ ಮುಗಿಯುವುದಿಲ್ಲ.

ನೀನು ಫೋನಿನಲ್ಲಿ ಅಳುತ್ತ ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಆ ದಿನ ಮಳೆ ಬಿಟ್ಟು ಹೊಳವಾಗಿತ್ತು. ಹೊಳವು ಸಿಕ್ಕಾಗಲೇ ಅಡಿಕೆ ಗೊನೆಗೆ ಔಷಧಿ ಹೊಡೆದು ಮುಗಿಸದಿದ್ದರೆ ಕೊಳೆರೋಗ ಹಿಡಿಯುವುದರಿಂದ, ಎರಡು ತಂಡದವರು ಒಟ್ಟಿಗೆ ಕೆಲಸಕ್ಕೆ ಬಂದರು. ಇದ್ದ ಪಾತ್ರೆ ಮಜ್ಜಿಗೆಗೆ ಸಾಲಲಿಲ್ಲ. ಅಂಗಳದಲ್ಲಿ ಒಂದೇ ಅಳತೆಯ ಎರಡು ನೀಲಿ ಡ್ರಮ್ಮುಗಳಿದ್ದವು. ಒಂದರಲ್ಲಿ ಕುಡಿಯುವ ನೀರು. ಇನ್ನೊಂದರಲ್ಲಿ ಬೆಳಿಗ್ಗೆ ಔಷಧಿಗೆಂದು ಮೈಲುತುತ್ತ ಕರಗಿಸಿ, ಕೆಲಸವಾದ ಮೇಲೆ ತೊಳೆದು ಕವುಚಿಟ್ಟಿದ್ದರು. ಅದನ್ನು ತೋರಿಸಿ ಜಲಜಮ್ಮನವರು, "ತೊಳ್ದಿದ್ದೇ ಅಲ್ದನೇ? ಅದ್ರಲ್ಲೇ ಮಾಡು, ಹೊತ್ತಾಯ್ತು" ಎಂದರು. ನೀನು ಮತ್ತೊಮ್ಮೆ ತೊಳೆದೆ. ತುತ್ತವೂ ನೀಲಿ, ಡ್ರಮ್ಮೂ ನೀಲಿ. ಗೀರುಗಳಲ್ಲಿ, ಕಂಠದ ಮಡಿಕೆಯಲ್ಲಿ ಉಳಿದದ್ದು ಕಣ್ಣಿಗೆ ಬೀಳುವುದು ಹೇಗೆ? ಅದಕ್ಕೆ ಹುಳಿ ಮಜ್ಜಿಗೆ ಸುರಿದು, ಉಪ್ಪು, ಶುಂಠಿ ಹಾಕಿದೆ. ಅಂಟಿಕೊಂಡಿದ್ದ ತುತ್ತವನ್ನೆಲ್ಲ ಹುಳಿ ಬಿಡಿಸಿಕೊಂಡಿತು.

ಔಷಧಿ ತಂಡದ ಮಂಜಪ್ಪ ಮೊದಲ ಗುಟುಕಿಗೇ, "ಎಂತ ಹಾಕಿದೀಯೇ ಮಾರಾಯ್ತಿ, ತಾಮ್ರದ ಕಾಸು ಚೀಪಿದ ಹಂಗಾಗ್ತದಲ್ಲ!" ಎಂದನಂತೆ. "ನಿನ್ನ ಬಾಯೇ ಸರಿ ಇಲ್ಲ, ಎಲಡಿಕೆ ಉಗ್ದು ಕುಡಿ" ಎಂದು ಉಳಿದವರು ನಕ್ಕರಂತೆ. ಕೊಟ್ಟವರ ಮನೆಯ ಮಜ್ಜಿಗೆಯನ್ನು ಚೆಲ್ಲಬಾರದೆಂದು ಅವನು ಮತ್ತೆರಡು ಚೊಂಬು ಕುಡಿದ. ನಕ್ಕವರೂ ಕುಡಿದರು. ಊಟಕ್ಕೆ ಕೂರುವಷ್ಟರಲ್ಲಿ ತೋಟದ ತುಂಬ ನೀಲಿ ವಾಂತಿ.

ಜಲಜಮ್ಮನವರ ಮಗ ಧರ್ಮೇಶರು ತಮ್ಮ ಜೀಪಿನಲ್ಲಿಯೇ ಎಲ್ಲರನ್ನೂ ಕೊಪ್ಪದ ಆಸ್ಪತ್ರೆಗೆ ಸೇರಿಸಿದರು. ಆ ಉಪಕಾರವನ್ನು ನಾನು ಮರೆಯುವವಳಲ್ಲ, ಅಧಿಕಾರಿಗಳಿಗೆ ಬರೆದ ಅರ್ಜಿಯಲ್ಲಿಯೂ ನಮೂದಿಸಿದ್ದೇನೆ. ಉಳಿದವರು ಮನೆಗೆ ಬಂದರು. ಮಂಜಪ್ಪನನ್ನು ಮಾತ್ರ ಶಿವಮೊಗ್ಗಕ್ಕೆ ಕಳುಹಿಸಿದರು. ಅವನಿಗೆ ಮೂತ್ರ ಕಟ್ಟಿದೆ, ಮುಖ ಊದಿದೆ. ಹೊಟ್ಟೆಗೆ ಹೋದದ್ದು ಏನೆಂದು ಖಚಿತವಾಗಿ ಹೇಳುವವರು ಯಾರೂ ಇಲ್ಲವೇ ಎಂದು ಡಾಕ್ಟರು ಅವನ ಹೆಂಡತಿ ವೀರಬಸಮ್ಮನನ್ನು ನಿನ್ನೆಯವರೆಗೂ ದಿನವೂ ಕೇಳುತ್ತಿದ್ದರು.

ಹೇಳಬೇಕಾದವಳು ನೀನು. ಆದರೆ ಶನಿವಾರ ಆರೋಗ್ಯ ಇಲಾಖೆಯವರು ಬಂದಾಗ ಜಲಜಮ್ಮನವರು, "ಇವ್ರೆಲ್ಲ ಬೆಳಿಗ್ಗೆ ತಂಗ್ಳು ಮೀನ್ ಸಾರು ತಿಂದ್ಕಂಡು ಬಂದಿದ್ರು, ಮಜ್ಜಿಗೆ ಎಂತ ಮಾಡ್ತದೆ?" ಎಂದರು. ಮಜ್ಜಿಗೆ ಸ್ಟೀಲಿನ ಪಾತ್ರೆಯಲ್ಲಿತ್ತು ಎಂದು ನೀನು ಹೇಳಿದೆ. ನಾನು ಧರ್ಮೇಶರಿಗೆ ಫೋನು ಮಾಡಿ ಡ್ರಮ್ಮಿನ ವಿಷಯ ಎತ್ತಿದಾಗ ಅವರು, "ಭೈರಮ್ಮ, ನಿಮ್ಮ ಮಗಳೇ ಸ್ಟೀಲಿನ ಪಾತ್ರೆ ಅಂತಾಳೆ. ನಾನು ಯಾರನ್ನ ನಂಬಲಿ ಹೇಳಿ?" ಎಂದರು.

ಅವರ ಮನೆಯ ಉಪ್ಪು ತಿಂದಿದ್ದೇನೆ, ಅವರ ಮೇಲೆ ಹೇಗೆ ಹೇಳಲಿ ಎಂದು ನೀನು ಕೇಳಿದೆ. ಅವರ ಮೇಲೆ ಹೇಳು ಎಂದು ನಾನು ಕೋರುತ್ತಿಲ್ಲ. ಡ್ರಮ್ಮಿನ ಮೇಲೆ ಹೇಳು. ತೊಳೆದರೆ ವಿಷ ಹೋಗುತ್ತದೆ ಎಂದು ಜಲಜಮ್ಮನವರು ಮನಸ್ಸಿನಿಂದಲೇ ನಂಬಿದ್ದಾರೆ. ನಂಬಿದ್ದರಿಂದಲೇ ಮುಂದಿನ ಹೊಳವಿಗೆ ಮತ್ತೆ ಅದರಲ್ಲೇ ಮಜ್ಜಿಗೆ ಮಾಡಿಸುತ್ತಾರೆ. ಅವರ ಮನೆಯೊಂದೇ ಅಲ್ಲ, ಮೆಣಸೆಯಿಂದ ಸೀತೂರಿನವರೆಗೆ ಯಾವ ಅಂಗಳದಲ್ಲಿ ಅಂಥ ಡ್ರಮ್ಮಿಲ್ಲ? ಮೀನು ಎಂದು ಬರೆದುಕೊಂಡು ಅಧಿಕಾರಿಗಳು ಹೊರಟುಹೋದರೆ ಅವೆಲ್ಲವೂ ಇದ್ದಲ್ಲೇ ಉಳಿಯುತ್ತವೆ. ತುತ್ತ ಕರಗಿಸುವ ಡ್ರಮ್ಮಿನ ಕಂಠಕ್ಕೆ ಕೆಂಪು ಬಣ್ಣ ಬಳಿಸಬೇಕು, ತುತ್ತ ಮಾರುವವರು ಈ ಮಾತನ್ನು ಹೇಳಿಯೇ ಮಾರಬೇಕು, ಕೆಲಸದವರ ಅನ್ನ ನೀರಿನ ಪಾತ್ರೆ ಔಷಧಿಯ ಹತ್ತಿರವೂ ಸುಳಿಯಬಾರದು ಎಂದು ಅರ್ಜಿಯಲ್ಲಿ ಪ್ರಾರ್ಥಿಸಿದ್ದೇನೆ. ನಿನ್ನ ಮಾತಿಲ್ಲದಿದ್ದರೆ ಆ ಪ್ರಾರ್ಥನೆಗೆ ಕಾಲಿಲ್ಲ.

"ಇನ್ನು ನನ್ನ ಕೈ ಅಡುಗೆ ಯಾರು ಉಣ್ತಾರಮ್ಮ?" ಎಂದು ನೀನು ಕೇಳಿದ್ದು ನನ್ನ ಕಿವಿಯಿಂದ ಹೋಗುತ್ತಿಲ್ಲ. ಅಡುಗೆಯೇ ನಿನ್ನ ಬದುಕು, ಬಲ್ಲೆ. ಕೆಲವರು ಉಣ್ಣದೆಯೂ ಇರಬಹುದು. ಹಾಗಾಗುವುದಿಲ್ಲವೆಂದು ನಿನಗೆ ಸುಳ್ಳು ಧೈರ್ಯ ಕೊಡಲಾರೆ. ಆದರೆ ಬಡಿಸುವ ಕೈ ಸುಳ್ಳು ಹೇಳುತ್ತದೆ ಎಂದು ಗೊತ್ತಾದ ಮೇಲೆ ನೀನೇ ನಿನ್ನ ಅನ್ನವನ್ನು ಉಣ್ಣಲಾರೆ.

ಈ ಪತ್ರ ತರುವವಳು ವೀರಬಸಮ್ಮ. ಗಂಡನ ಬಟ್ಟೆ, ಮೊಬೈಲು ಆ ಮನೆಯಲ್ಲೇ ಉಳಿದಿವೆ, ತೆಗೆದುಕೊಂಡು ಹೋಗಲು ನಾಳೆ ಬರುತ್ತಾಳೆ. ಪತ್ರದಲ್ಲಿ ಏನಿದೆಯೆಂದು ಅವಳು ಕೇಳಲಿಲ್ಲ. "ಮಾಲತಿ ಸರಿಯಾಗಿ ಉಣ್ತಾಳಾ? ಅಡಿಗೆ ಮಾಡಿದ್ದು ನಾನು ಅಂತ ಕೊರಗ್ತಿರ್ತದೆ ಹುಡುಗಿ" ಎಂದಷ್ಟೇ ಕೇಳಿದಳು. ಅವಳ ಕಣ್ಣೆದುರು ಅಳಬೇಡ. ಒಳಗೆ ಕರೆದು ಕೂರಿಸಿ, ನಿನ್ನ ಕೈಯಾರೆ ಕಾಫಿ ಮಾಡಿಕೊಡು.

ಮೇಲಿನ ಕೋರಿಕೆಯನ್ನು ಮನ್ನಿಸುವೆಯೆಂದು ನಂಬಿರುವ

ನಿನ್ನ ತಾಯಿ,
(ಸಹಿ) ಭೈರಮ್ಮ

ವಿ.ಸೂ.: ಆ ಗುರುವಾರ ನಿನಗೆ ಕೆಸುವಿನ ಸೊಪ್ಪು ಕೊಡಲು ನಾನೂ ಬಂದಿದ್ದೆನಲ್ಲ. ಬಡಿಸುವ ಗಡಿಬಿಡಿಯಲ್ಲೂ ನೀನು ಓಡಿ ಬಂದು ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದು ಬಸ್ಸು ಹತ್ತಿದೆ. ಕೊಪ್ಪ ತಲುಪುವ ಮೊದಲೇ ಇಳಿದು, ರಸ್ತೆ ಬದಿಯಲ್ಲಿ ನೀಲಿಯಾಗಿಯೇ ಕಾರಿಕೊಂಡೆ. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಮೀನಿರಲಿ, ಬೇರೇನೂ ಬಿದ್ದಿರಲಿಲ್ಲ. ಹೇಳಿದರೆ ತಪ್ಪು ನಿನ್ನ ತಲೆಗೆ ಬರುತ್ತದೆಂದು ಯಾರಿಗೂ ಹೇಳದೆ ಮಲಗಿದೆ. ನಾನು ಸುಮ್ಮನಿದ್ದಷ್ಟು ದಿನವೂ ಡಾಕ್ಟರು ಮಂಜಪ್ಪನ ಹೊಟ್ಟೆಯಲ್ಲಿ ಮೀನು ಹುಡುಕಿದರು. ಇಂದು ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ ಅವರಿಗೆ ಎಲ್ಲವನ್ನೂ ಹೇಳಿ ಬಂದೆ. ಶುಕ್ರವಾರ ಮೊದಲ ಬಸ್ಸಿಗೆ ನಾನೂ ಅಲ್ಲಿಗೆ ಬರುತ್ತೇನೆ. ಅಧಿಕಾರಿಗಳು ನನ್ನನ್ನು ಕೇಳುವ ಮೊದಲು ನೀನು ಹೇಳಿರಬೇಕು ಎಂಬುದೊಂದೇ ಆಸೆ. ಮಜ್ಜಿಗೆ ಯಾರ್ಯಾರಿಗೆ ಕೊಟ್ಟೆ ಎಂದು ಕೇಳಿದರೆ, ನನ್ನ ಹೆಸರು ಬಿಡಬೇಡ.

ಲಗತ್ತು: ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬರೆದ ಅರ್ಜಿಯ ನಕಲು, ಎರಡು ಪುಟ. ಕೊನೆಯಲ್ಲಿ ನನ್ನ ಸಹಿಯ ಪಕ್ಕ ಇನ್ನೊಬ್ಬರ ಸಹಿಗೆ ಜಾಗ ಬಿಟ್ಟಿದೆ.